ಹೊಸೂರಿನ ಓಡಾಟದ ಬಗ್ಗೆ ಪಾಲಿಕೆಗೆ ಸಲಹಾಪತ್ರ: ಮೆಟ್ರೋ ಕೇಳೋದಾ, ಟೌನ್ ಬಸ್ಸಾ, ರೈಲಾ?

ಬಾಗಲೂರು_ರಸ್ತೆ:

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆ ಸಂಘದಿಂದ ಹೊಸೂರು ಮಹಾನಗರ ಪಾಲಿಕೆಗೆ ಒಂದು ಸಲಹಾಪತ್ರ ಕೊಡಬೇಕು ಅಂತ ತೀರ್ಮಾನ ಆಗಿದೆ. ಊರೊಳಗಿನ ಓಡಾಟ, ಜತೆಗೆ ಗಡಿಯಾಚೆ ಕರ್ನಾಟಕದ ಅತ್ತಿಬೆಲೆ, ಬೊಮ್ಮಸಂದ್ರ ಕಡೆಯ ಓಡಾಟ ಎರಡೂ ಅದರಲ್ಲಿ ಬರಬೇಕು. ಈಗಿರೋ ಕರಡಿನಲ್ಲಿ ಮೂರೇ ಸಾಲು: ಮೆಟ್ರೋ ಬರಲಿ, ಫ್ಲೈಓವರ್ ಕಟ್ಟಲಿ, ವರ್ತುಲ ರಸ್ತೆ ಬೇಗ ಆಗಲಿ. ಇಂಥ ಕಾಗದ ಪಾಲಿಕೆಯಲ್ಲಿ ರಾಶಿ ಬಿದ್ದಿರತ್ತೆ. ಲೆಕ್ಕ ಇಲ್ಲದಿದ್ದರೆ ಯಾರೂ ಎರಡನೇ ಪುಟ ತಿರುಗಿಸಲ್ಲ.

2011ರ ಜನಗಣತಿಯಲ್ಲಿ ಹೊಸೂರು ನಗರಸಭೆಯ ಜನಸಂಖ್ಯೆ 1.16 ಲಕ್ಷ. 2019ರಲ್ಲಿ ಪಾಲಿಕೆ ಆಯ್ತು, ಸುತ್ತಲ ಹಳ್ಳಿಗಳು ಸೇರಿದವು, ಸಿಪ್‌ಕಾಟ್ (ತಮಿಳುನಾಡು ಸರ್ಕಾರದ ಕೈಗಾರಿಕಾ ಪ್ರದೇಶ) ಎರಡೂ ಕಡೆ ಬೆಳೀತಾ ಇದೆ. ಬಸ್ಸು ಮಾತ್ರ ಹಳೇ ಲೆಕ್ಕದಲ್ಲೇ ಓಡ್ತಿದೆ ಅನ್ನೋದು ನಮ್ಮವರ ದೂರು. ಗೊತ್ತಿರೋರು ಇವಿಷ್ಟು ಹೇಳಿ. ಸಂಘದ ಹುಡುಗರೇ ನಿಂತು ಮಾಡಬಹುದಾದ ಎಣಿಕೆ ಯಾವುದು? ಒಂದು ಮಾರ್ಗಕ್ಕೆ ಎಷ್ಟು ಬಸ್ ಬೇಕು ಅಂತ ಹೇಗೆ ಲೆಕ್ಕ ಹಾಕೋದು? ರೈಲು ನಿಲ್ದಾಣ, ಬಸ್ ನಿಲ್ದಾಣ ಎರಡನ್ನೂ ಹೇಗೆ ಹೊಂದಿಸೋದು? ಷೇರ್ ಆಟೋಗಳನ್ನ ಎಲ್ಲಿ ನಿಲ್ಲಿಸೋದು? ಮೆಟ್ರೋ ವಿಷಯ ಬರೆಯೋದೇ ಆದರೆ ಹೇಗೆ ಬರೆಯೋದು?

---

ಎಣಿಕೆ_ಮೊದಲು:

ಮೊದಲ ಪ್ರಶ್ನೆಗೆ ಉತ್ತರ ಕೊಡ್ತೀನಿ. ಅದು ಸರಿಯಾಗದೆ ಉಳಿದವು ನಿಲ್ಲೋದಿಲ್ಲ.

ಬರೀ ಗಾಡಿ ಎಣಿಸಬೇಡಿ, ಗಾಡಿಯ ಜತೆಗೆ ಅದರೊಳಗಿರೋ ಜನರನ್ನೂ ಎಣಿಸಿ. ಬರೀ ಗಾಡಿ ಎಣಿಸಿಕೊಟ್ಟರೆ ಬರೋ ಉತ್ತರ ಯಾವಾಗಲೂ ಒಂದೇ: ರಸ್ತೆ ಅಗಲ ಮಾಡಿ.

ಎಲ್ಲಿ ನಿಲ್ಲಬೇಕು? ಊರನ್ನ ಎರಡು ಹೋಳು ಮಾಡೋ ಗೆರೆ ಹುಡುಕಿ. ಹೊಸೂರಿನಲ್ಲಿ ಅಂಥ ಗೆರೆ ಎರಡು: ರೈಲು ಹಳಿ ಒಂದು, ರಾಷ್ಟ್ರೀಯ ಹೆದ್ದಾರಿ 44 ಇನ್ನೊಂದು. ಇವನ್ನ ದಾಟೋಕೆ ಇರೋ ಜಾಗ ಕೆಲವೇ (ಗೇಟು, ಸೇತುವೆ, ಅಂಡರ್‌ಪಾಸ್, ಜಂಕ್ಷನ್). ಅಷ್ಟರಲ್ಲೂ ಒಂದೇ ದಿನ ಎಣಿಸಿದರೆ ಈ ಕಡೆಯಿಂದ ಆ ಕಡೆಗೆ ಎಷ್ಟು ಜನ ಹೋಗ್ತಾರೆ ಅನ್ನೋದು ಪೂರ್ತಿ ಸಿಗತ್ತೆ. ಊರ ಅಂಚಿನಲ್ಲಿ ರಾಜ್ಯದ ಗಡಿಯ ಜೂಜುವಾಡಿ, ಬಾಗಲೂರು ರಸ್ತೆ, ರಾಯಕೋಟೆ ರಸ್ತೆ, ಡೆಂಕಣಿಕೋಟೆ ರಸ್ತೆ, ತಳಿ ರಸ್ತೆ, ಕೃಷ್ಣಗಿರಿ ದಿಕ್ಕು ಹೀಗೆ ಹೊರಗೆರೆಯನ್ನೂ ಇಟ್ಟುಕೊಳ್ಳಿ. ಪೇಟೆಯೊಳಗಿನ ಜಂಕ್ಷನ್ ಎಣಿಕೆ ಆಮೇಲೆ ಮಾಡಿದರಾಯ್ತು. ಅದು ತಿರುವುಗಳ ಲೆಕ್ಕ, ಹೊಸಬರು ಗಲಿಬಿಲಿ ಮಾಡಿಕೊಳ್ಳೋದು ಅಲ್ಲೇ.

ಯಾವಾಗ? ಮಂಗಳವಾರ, ಬುಧವಾರ, ಗುರುವಾರ ಇವುಗಳಲ್ಲಿ ಒಂದು ದಿನ. ಚಂದ್ರಚೂಡೇಶ್ವರನ ತೇರಿನ ವಾರ, ಶಾಲೆ ರಜೆ, ಮಳೆ ಹಿಡಿದ ದಿನ ಬೇಡ. ಬೆಳಿಗ್ಗೆ 5:30ರಿಂದ ರಾತ್ರಿ 10:30ರವರೆಗೆ ಮಾಡಿದರೆ ಒಳ್ಳೇದು. ಬೇರೆ ಊರಲ್ಲಿ ಬೆಳಿಗ್ಗೆ 8ಕ್ಕೆ ಶುರು ಮಾಡಿದರೂ ನಡೀತಿತ್ತು. ಇಲ್ಲಿ ಮೂರು ಪಾಳಿ ನಡೆಸೋ ಕಾರ್ಖಾನೆಗಳಿವೆ: ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 10ರ ಆಸುಪಾಸು ಪಾಳಿ ಬದಲಾಗತ್ತೆ. ಮಧ್ಯಾಹ್ನ 2ರ ಹೊತ್ತಿಗೆ ಎರಡೂ ದಿಕ್ಕಲ್ಲಿ ಜನ ತುಂಬಿರೋದು ಕಾರ್ಖಾನೆ ಊರುಗಳಲ್ಲಿ ಮಾತ್ರ. ಬೆಳಿಗ್ಗೆ ಸಂಜೆ ಮಾತ್ರ ಎಣಿಸೋರಿಗೆ ಇದು ಕಾಣೋದೇ ಇಲ್ಲ. ಹದಿನೈದು ನಿಮಿಷಕ್ಕೊಂದು ಕಾಲಂ ಇರಲಿ, ಗಂಟೆಗೊಂದು ಸಾಲದು.

ಬಸ್ಸಿನೊಳಗೆ ಎಷ್ಟು ಜನ ಅಂತ ಕಿಟಕಿಯಲ್ಲಿ ಎಣಿಸೋಕೆ ಆಗಲ್ಲ. ನಾಲ್ಕು ಗುರುತು ಇಟ್ಟುಕೊಳ್ಳಿ: ಸೀಟು ಖಾಲಿ ಇದೆ, ಸೀಟು ಭರ್ತಿ, ಜನ ನಿಂತಿದಾರೆ, ಫುಟ್‌ಬೋರ್ಡಲ್ಲಿ ನೇತಾಡ್ತಿದಾರೆ. ಕ್ರಮವಾಗಿ 20, 45, 60, 75 ಅಂತ ಹಿಡಿದರೆ ಒಟ್ಟಿನ ಲೆಕ್ಕ ತುಂಬಾ ತಪ್ಪಲ್ಲ. ಕಂಪನಿ ಬಸ್ಸಿಗೆ ಬೇರೆಯದೇ ಕಾಲಂ. ಇಲ್ಲಿ ಎಣಿಸೋರು ಸಾಮಾನ್ಯವಾಗಿ ಎಡವೋದು ಇಲ್ಲೇ. ಕಂಪನಿ ಬಸ್ಸನ್ನೂ ಟೌನ್ ಬಸ್ಸನ್ನೂ ಒಂದೇ ಸಾಲಿಗೆ ಹಾಕಿದರೆ 'ಬಸ್ ಸೇವೆ ಸಾಕಷ್ಟಿದೆ' ಅಂತ ಅಂಕಿ ಬರತ್ತೆ, ನಿಲ್ದಾಣದಲ್ಲಿ ಕಾಯ್ತಿರೋ ಹೆಂಗಸಿಗೆ ಆ ಬಸ್ಸು ಇದ್ದೂ ಇಲ್ಲದಂತೆ.

ಗಾಡಿಗಳನ್ನ ಒಂದೇ ಅಳತೆಗೆ ತರೋಕೆ ಪಿ.ಸಿ.ಯು. (ಒಂದು ಗಾಡಿ ಎಷ್ಟು ಕಾರಿಗೆ ಸಮ ಅನ್ನೋ ಅಂಕಿ) ಬಳಸ್ತಾರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 106ನೇ ಸಂಹಿತೆ (1990) ನಗರದ ರಸ್ತೆಗೆ ಕೊಟ್ಟ ಅಂಕಿಗಳು: ಕಾರು 1, ಬೈಕು 0.5 ಅಥವಾ 0.75, ಆಟೋ 1.2 ಅಥವಾ 2, ಬಸ್ಸು 2.2 ಅಥವಾ 3.7. ಒಟ್ಟು ಗಾಡಿಗಳಲ್ಲಿ ಆ ಬಗೆಯದು ಶೇ. 5ರಷ್ಟಿದ್ದರೆ ಮೊದಲ ಅಂಕಿ, ಶೇ. 10 ದಾಟಿದರೆ ಎರಡನೆಯದು. ನಡುವೆ ಇದ್ದರೆ ನಡುವಿನ ಅಂಕಿ. ಎಷ್ಟೋ ವರದಿಗಳಲ್ಲಿ ಬಸ್ಸಿಗೆ ಕಣ್ಣು ಮುಚ್ಚಿ 3.7 ಹಾಕಿರ್ತಾರೆ, ಅದು ಬಸ್ಸಿಗೆ ಅನ್ಯಾಯ.

ಲೆಕ್ಕದ ರೀತಿ ತೋರಿಸೋಕೆ ಮಾತ್ರ ಒಂದು ಉದಾಹರಣೆ ಹೇಳ್ತೀನಿ, ಇದು ಎಣಿಸಿದ ಅಂಕಿ ಅಲ್ಲ. ಹದಿನೈದು ನಿಮಿಷದಲ್ಲಿ 400 ಬೈಕು, 80 ಕಾರು, 60 ಆಟೋ, 20 ಬಸ್ಸು ಹೋದವು ಅನ್ನಿ. ಪಿ.ಸಿ.ಯು. ಲೆಕ್ಕ 300 + 80 + 120 + 44 = 544. ಬಸ್ಸಿನ ಪಾಲು ಶೇ. 8. ಈಗ ಜನರ ಲೆಕ್ಕ: ಬೈಕಿಗೆ 1.3, ಕಾರಿಗೆ 1.8, ಆಟೋಗೆ 3, ಬಸ್ಸಿಗೆ 45 ಹಿಡಿದರೆ 520 + 144 + 180 + 900 = 1,744. ಬಸ್ಸಿನ ಪಾಲು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ರಸ್ತೆಯ ಶೇ. 8 ಜಾಗದಲ್ಲಿ ಅರ್ಧ ಜನ ಹೋಗ್ತಿದಾರೆ ಅಂತ ನಿಮ್ಮ ಸ್ವಂತ ಅಂಕಿಯಲ್ಲಿ ತೋರಿಸಿದರೆ, ಆ ಒಂದು ಕೋಷ್ಟಕ ಹತ್ತು ಪುಟದ ಬೇಡಿಕೆಗೆ ಸಮ.

---

ಡಿಪೋ_ಗೇಟ್:

ಬಸ್ಸಿನ ಲೆಕ್ಕ ನನ್ನ ಪಾಲಿಗಿರಲಿ.

ಸೂತ್ರ ಸುಲಭ. ಹೋಗಿ ಬರೋ ಒಟ್ಟು ಸಮಯವನ್ನ ಎರಡು ಬಸ್ಸುಗಳ ನಡುವಿನ ಅಂತರದಿಂದ ಭಾಗಿಸಿ. ಒಟ್ಟು ಸಮಯ ಅಂದರೆ ಓಡೋ ಸಮಯ ಮಾತ್ರ ಅಲ್ಲ, ಎರಡೂ ತುದಿಯಲ್ಲಿ ನಿಲ್ಲೋ ಸಮಯವೂ ಸೇರಬೇಕು. ತುದಿಯಲ್ಲಿ ಐದಾರು ನಿಮಿಷ ಇಡದಿದ್ದರೆ ಮೊದಲ ಟ್ರಿಪ್ಪಿನ ತಡ ಎರಡನೇದಕ್ಕೆ, ಎರಡನೇದರದ್ದು ಮೂರನೇದಕ್ಕೆ ಹತ್ತಿಕೊಳ್ತಾ ಹೋಗತ್ತೆ. ಮಧ್ಯಾಹ್ನದ ಹೊತ್ತಿಗೆ ಮೂರು ಬಸ್ಸು ಒಟ್ಟಿಗೆ ಬಂದು ಆಮೇಲೆ ಮುಕ್ಕಾಲು ಗಂಟೆ ಒಂದೂ ಇರಲ್ಲ.

ಬಾಗಲೂರು ರಸ್ತೆ ಕಡೆಯಿಂದ ಬಸ್ ನಿಲ್ದಾಣ, ರೈಲು ನಿಲ್ದಾಣ ಮುಟ್ಟಿ ಮತ್ತಿಗಿರಿ ಕಡೆ ಹೋಗೋ ಒಂದು ಮಾರ್ಗ 9 ಕಿ.ಮೀ. ಅಂತ ಇಟ್ಟುಕೊಳ್ಳಿ. ನಿಲುಗಡೆ ಎಲ್ಲ ಸೇರಿ ಗಂಟೆಗೆ 15 ಕಿ.ಮೀ. ವೇಗ ಅಂದರೆ ಒಂದು ಕಡೆಗೆ 36 ನಿಮಿಷ. ಎರಡು ಕಡೆಗೆ 72, ತುದಿಗಳಲ್ಲಿ ಆರಾರು ನಿಮಿಷ, ಒಟ್ಟು 84. ಹನ್ನೆರಡು ನಿಮಿಷಕ್ಕೊಂದು ಬಸ್ ಬೇಕಾದರೆ 84 ಭಾಗಿಸು 12, ಅಂದರೆ 7 ಬಸ್ಸು. ರಿಪೇರಿಗೆ ಒಂದು ಹೆಚ್ಚುವರಿ, ಒಟ್ಟು 8.

ಹತ್ತು ನಿಮಿಷಕ್ಕೊಂದು ಅಂದರೆ 8.4 ಬರತ್ತೆ. ಅರ್ಧ ಬಸ್ಸು ಓಡಿಸೋಕಾಗಲ್ಲ. 9 ಬಸ್ಸು ಹಾಕಿ ಸುತ್ತನ್ನ 90 ನಿಮಿಷ ಮಾಡಿ, ಉಳಿದ ಆರು ನಿಮಿಷ ತುದಿಯ ವಿರಾಮಕ್ಕೆ ಸೇರಿಸಿ. ಚಾಲಕರು ಹರಸ್ತಾರೆ.

ನಿಮ್ಮ ಪತ್ರದಲ್ಲಿ ಗೆರೆ ಎಳೆದು ಬರೀಬೇಕಾದ್ದು ಈಗ ಬಂತು. ಅದೇ 9 ಕಿ.ಮೀ. ಮಾರ್ಗದಲ್ಲಿ ವೇಗ 15ರಿಂದ 12ಕ್ಕೆ ಇಳೀತು ಅನ್ನಿ. ಒಂದು ಕಡೆಗೆ 45 ನಿಮಿಷ, ಒಟ್ಟು 102. ಅದೇ ಹನ್ನೆರಡು ನಿಮಿಷದ ಸೇವೆಗೆ ಈಗ 9 ಬಸ್ಸು ಬೇಕು. ಜನರಿಗೆ ಒಂದು ಟ್ರಿಪ್ಪೂ ಹೆಚ್ಚು ಸಿಗಲಿಲ್ಲ, ಎರಡು ಬಸ್ಸಿನ ಖರ್ಚು ಮಾತ್ರ ಬಿತ್ತು. ಮಾರ್ಗದಲ್ಲಿ ಬಸ್ ಸಿಕ್ಕಿಹಾಕಿಕೊಳ್ಳೋ ಮೂರು ನಾಲ್ಕು ಜಾಗ ಗುರುತಿಸಿ (ತಪ್ಪು ಜಾಗದ ನಿಲ್ದಾಣ, ಬಲತಿರುವಿಗೆ ಕಾಯೋದು, ತರಕಾರಿ ಲೋಡು ಇಳಿಸೋ ಟೆಂಪೋ), ಅದನ್ನ ಸರಿಮಾಡಿದರೆ ಹೊಸ ಬಸ್ ಕೊಳ್ಳದೇ ಎರಡು ಬಸ್ಸು ಸಿಕ್ಕಂತೆ.

ಊರಿಗೆಲ್ಲ ಎಷ್ಟು ಅಂತ ಕೇಳಿದರೆ, ಕೇಂದ್ರ ನಗರಾಭಿವೃದ್ಧಿ ಸಚಿವಾಲಯದ ಸೇವಾ ಮಾನದಂಡದಲ್ಲಿ ಸಾವಿರ ಜನಕ್ಕೆ 0.6 ಬಸ್ಸು ಇದ್ದರೆ ಉತ್ತಮ ದರ್ಜೆ. 3 ಲಕ್ಷ ಜನ ಅಂತ ಹಿಡಿದರೆ 180. ಈ ಅಂಕಿಯನ್ನ ಒಂದೇ ಸಲ ಕೇಳಬೇಡಿ. ಬಸ್ಸೊಂದಕ್ಕೆ ಎರಡು ಪಾಳಿ, ವಾರದ ರಜೆ, ಇತರ ರಜೆ ಸೇರಿ ಹತ್ತಿರ ಎರಡೂವರೆ ಜೋಡಿ ಚಾಲಕ–ನಿರ್ವಾಹಕರು ಬೇಕು. ರಾತ್ರಿ ನಿಲ್ಲಿಸೋ ಜಾಗ, ತೊಳೆಯೋ ನೀರು, ಎಲೆಕ್ಟ್ರಿಕ್ ಆದರೆ ಚಾರ್ಜಿಂಗ್‌ಗೆ ವಿದ್ಯುತ್ ಮಂಜೂರಾತಿ. ಇದ್ಯಾವುದೂ ಇಲ್ಲದೆ ಬಂದ ಬಸ್ಸು ಡಿಪೋದಲ್ಲೇ ನಿಲ್ಲತ್ತೆ. ಮೊದಲು ನಾಲ್ಕು ಮಾರ್ಗ ಆರಿಸಿ, ಹತ್ತು–ಹನ್ನೆರಡು ನಿಮಿಷಕ್ಕೊಂದು ಕೇಳಿ. ಇಪ್ಪತ್ತು ಮಾರ್ಗದಲ್ಲಿ ಗಂಟೆಗೊಂದು ಬಸ್ ಬಿಟ್ಟರೆ ಯಾರೂ ಬೈಕ್ ಬಿಡಲ್ಲ.

ಎಲ್ಲಾ ಮಾರ್ಗ ಬಸ್ ನಿಲ್ದಾಣದಲ್ಲೇ ಮುಗಿಯೋದೂ ಒಂದು ರೋಗ. ಬಾಗಲೂರು ರಸ್ತೆಯ ಬಸ್ಸು ಅಲ್ಲಿ ಮುಗೀತು, ರಾಯಕೋಟೆ ರಸ್ತೆಯದ್ದು ಅಲ್ಲಿಂದ ಹೊರಟಿತು. ಎರಡನ್ನೂ ಜೋಡಿಸಿ ಒಂದೇ ಮಾರ್ಗ ಮಾಡಿದರೆ ನಿಲ್ದಾಣದೊಳಗಿನ ಜಾಗ ಉಳಿಯತ್ತೆ, ಜನ ಇಳಿದು ಹತ್ತೋದು ತಪ್ಪತ್ತೆ. ಜೋಡಿಸೋವಾಗ ಎರಡರ ಜನಸಂದಣಿ ಸುಮಾರು ಒಂದೇ ಇರಬೇಕು. ಬತ್ತಲಪಲ್ಲಿಯ ಹೊಸ ಬಸ್ ನಿಲ್ದಾಣಕ್ಕೆ ಹೊರೂರ ಬಸ್ಸುಗಳು ಹೋದ ಮೇಲಂತೂ ಹಳೇ ನಿಲ್ದಾಣಕ್ಕೂ ಅದಕ್ಕೂ ನಡುವಿನ ಸೇವೆ ಐದಾರು ನಿಮಿಷಕ್ಕೊಂದು ಇರಲೇಬೇಕು. ಅದಿಲ್ಲದೆ ನಿಲ್ದಾಣ ಸ್ಥಳಾಂತರ ಮಾಡಿದ ಊರುಗಳಲ್ಲಿ ಆ ಜನ ಎಲ್ಲ ಆಟೋಗೆ ಹೋಗಿದಾರೆ.

---

ಮೂಕಂಡಪಲ್ಲಿ_ಸಂಜೆ:

ಕಂಪನಿ ಬಸ್ಸಿನಲ್ಲಿ ಸೀಟು ಖಾಲಿ ಹೋಗ್ತಿರತ್ತಲ್ಲ, ಅದರಲ್ಲೇ ಜನರನ್ನ ಹತ್ತಿಸಿಕೊಂಡರೆ ಆಗಲ್ವಾ?

---

ಡಿಪೋ_ಗೇಟ್:

ಆಗಲ್ಲ ಅಣ್ಣ. ಕಂಪನಿಗೆ ಓಡೋ ಬಸ್ಸುಗಳಿಗೆ ಇರೋದು ಒಪ್ಪಂದದ ಮೇಲೆ ಓಡೋ ಪರ್ಮಿಟ್ಟು. ಪ್ರತಿ ನಿಲ್ದಾಣದಲ್ಲಿ ಟಿಕೆಟ್ ಕೊಟ್ಟು ಹತ್ತಿಸೋಕೆ ಸ್ಟೇಜ್ ಕ್ಯಾರೇಜ್ ಪರ್ಮಿಟ್ಟೇ ಬೇಕು. ವಿಮೆಯ ತೊಡಕೂ ಬರತ್ತೆ.

ಕಾರ್ಖಾನೆಗಳ ಹತ್ತಿರ ಕೇಳಬೇಕಾದ್ದು ಬೇರೆ: ಪಾಳಿ ಸಮಯ ಒಡೆಯಿರಿ ಅಂತ. ಒಂದೇ ದಿಕ್ಕಿಗೆ ಹೋಗೋ 3,000 ಜನ ಒಂದೇ ಕಾಲು ಗಂಟೆಯಲ್ಲಿ ಹೊರಬಿದ್ದರೆ, 60ರಂತೆ 50 ಬಸ್ಸು ಒಟ್ಟಿಗೆ ಬೇಕು. ಅದೇ ಜನ ಅರ್ಧ ಗಂಟೆ ಬಿಟ್ಟು ಬಿಟ್ಟು ಮೂರು ತಂಡದಲ್ಲಿ ಬಂದರೆ, ಹೋಗಿ ಬರೋಕೆ ಅರ್ಧ ಗಂಟೆ ಸಾಕಾಗೋ ಮಾರ್ಗದಲ್ಲಿ, 17 ಬಸ್ಸು ಮೂರು ಸಲ ಓಡಿ ಕೆಲಸ ಮುಗಿಸತ್ತೆ. ಸಿಪ್‌ಕಾಟ್ ಮೊದಲ ಹಂತದ ಗೇಟುಗಳ ಮುಂದೆ ಸಂಜೆ ಹೆದ್ದಾರಿ ಕಟ್ಟಿಕೊಳ್ಳೋದು ಕೂಡ ಇದರಿಂದಲೇ ಎಷ್ಟೋ ಸಡಿಲ ಆಗತ್ತೆ. ಕಾರ್ಖಾನೆಗಳ ಸಂಘಕ್ಕೆ ಇದು ಖರ್ಚಿಲ್ಲದ ಕೆಲಸ, ಆದರೆ ಕ್ಯಾಂಟೀನು, ಸೆಕ್ಯುರಿಟಿ, ಲೈನ್ ಹಸ್ತಾಂತರ ಎಲ್ಲ ಹೊಂದಿಸಬೇಕಾಗತ್ತೆ ಅಂತ ಗೊಣಗ್ತಾರೆ.

---

ಹಳದಿ_ಮಾರ್ಗ:

ಇದೆಲ್ಲ ತೇಪೆ ಕೆಲಸ ಸಾರ್. ಬೊಮ್ಮಸಂದ್ರದವರೆಗೆ ಮೆಟ್ರೋ ಬಂದಾಯ್ತು, ಅಲ್ಲಿಂದ ಹೊಸೂರು ಎಷ್ಟು ದೂರ? ಒಂದೇ ಬೇಡಿಕೆ ಇಟ್ಟು ಗಟ್ಟಿ ಕೂಗಿದರೆ ಆಗತ್ತೆ. ಹತ್ತು ಬೇಡಿಕೆ ಇಟ್ಟರೆ ಹತ್ತೂ ಆಗಲ್ಲ.

---

ಬ್ರಾಡ್‌ಗೇಜ್:

ಹಳದಿ ಮಾರ್ಗದವರಿಗೆ: ಮೆಟ್ರೋ ಬೇಡ ಅಂತ ಯಾರೂ ಹೇಳ್ತಿಲ್ಲ. ಕೂಗೋದಕ್ಕೆ ಮುಂಚೆ ಅದಕ್ಕಿರೋ ತೊಡಕು ಏನು ಅಂತ ತಿಳಿದಿರಲಿ.

ಬೆಂಗಳೂರು ಮೆಟ್ರೋದ ಹಳದಿ ಮಾರ್ಗ (ಆರ್.ವಿ. ರಸ್ತೆ–ಬೊಮ್ಮಸಂದ್ರ) 19.15 ಕಿ.ಮೀ., 16 ನಿಲ್ದಾಣ, 2025ರ ಆಗಸ್ಟ್ 10ರಂದು ಉದ್ಘಾಟನೆ ಆಯ್ತು. ಹೊಸೂರಿನ ವಿಸ್ತರಣೆಗೆ ಚೆನ್ನೈ ಮೆಟ್ರೋ ಸಂಸ್ಥೆ ಅಧ್ಯಯನ ಮಾಡಿಸಿದ್ದು ಸುಮಾರು 23 ಕಿ.ಮೀ.ಗೆ, ಅದರಲ್ಲಿ ಹೆಚ್ಚುಕಡಿಮೆ ಅರ್ಧ ಕರ್ನಾಟಕದ ನೆಲದಲ್ಲಿ. ತೊಡಕು ಕರೆಂಟಿನಲ್ಲಿದೆ. ಬೆಂಗಳೂರಿನ 'ನಮ್ಮ ಮೆಟ್ರೋ' ಹಳಿ ಪಕ್ಕದ ಮೂರನೇ ಕಂಬಿಯಿಂದ 750 ವೋಲ್ಟ್ ಡಿ.ಸಿ. ತಗೊಳ್ಳತ್ತೆ. ಚೆನ್ನೈ ಮೆಟ್ರೋ ತಲೆಮೇಲಿನ ತಂತಿಯಿಂದ 25,000 ವೋಲ್ಟ್ ಎ.ಸಿ. ಹಳಿಯ ಅಗಲ ಎರಡಕ್ಕೂ 1,435 ಮಿ.ಮೀ., ಆದರೂ ಇದರ ಗಾಡಿ ಅದರಲ್ಲಿ ಓಡಲ್ಲ. ಹೊಸೂರಿನ ಮಾರ್ಗವನ್ನ ಬೆಂಗಳೂರಿನ ಪದ್ಧತಿಯಲ್ಲೇ ಕಟ್ಟಬೇಕು, ಇಲ್ಲವೇ ಎರಡೂ ಕರೆಂಟಿಗೆ ಹೊಂದೋ ದುಬಾರಿ ಗಾಡಿ ತರಬೇಕು, ಇಲ್ಲವೇ ಬೊಮ್ಮಸಂದ್ರದಲ್ಲಿ ಇಳಿದು ಹತ್ತಬೇಕು. ಮೂರನೆಯದೇ ಆಗೋದಾದರೆ ಒಂದೇ ಪ್ಲಾಟ್‌ಫಾರ್ಮಿನ ಎದುರುಬದುರು ಅಂಚಿಗೆ ಎರಡು ಗಾಡಿ ಬಂದು ನಿಲ್ಲೋ ಹಾಗಿರಬೇಕು. ಎಸ್ಕಲೇಟರ್ ಹತ್ತಿ, ರಸ್ತೆ ದಾಟಿ ಇನ್ನೊಂದು ನಿಲ್ದಾಣಕ್ಕೆ ಹೋಗೋ ಹಾಗೆ ಕಟ್ಟಿದರೆ ಅರ್ಧ ಜನ ಜೂಜುವಾಡಿಯಲ್ಲೇ ಬಸ್ ಹತ್ತಿಬಿಡ್ತಾರೆ. ಪತ್ರದಲ್ಲಿ 'ಮೆಟ್ರೋ ಬೇಕು' ಅಂತ ಬರೆಯೋ ಬದಲು 'ಗಾಡಿ ಬದಲಿಸದೆ ಹೋಗುವಂತೆ, ಅದಾಗದಿದ್ದರೆ ಒಂದೇ ಪ್ಲಾಟ್‌ಫಾರ್ಮಿನಲ್ಲಿ ಬದಲಿಸುವಂತೆ' ಅಂತ ಬರೀರಿ.

ಇನ್ನೊಂದು. 2017ರ ಕೇಂದ್ರ ಮೆಟ್ರೋ ನೀತಿಯ ಪ್ರಕಾರ ಸಮಗ್ರ ಸಂಚಾರ ಯೋಜನೆ ಇರಬೇಕು, ಬಸ್, ಲಘು ರೈಲು ಎಲ್ಲದರ ಜತೆ ಹೋಲಿಸಿದ ಪರ್ಯಾಯ ವಿಶ್ಲೇಷಣೆ ಆಗಿರಬೇಕು, ಎಲ್ಲ ಸಾರಿಗೆಯನ್ನೂ ಒಂದೇ ಸೂರಿನಡಿ ನೋಡೋ ಪ್ರಾಧಿಕಾರ ಬೇಕು. ಚೆನ್ನೈಗೆ 2010ರ ಕಾಯ್ದೆಯ ಪ್ರಾಧಿಕಾರ ಇದೆ, ಬೆಂಗಳೂರಿಗೆ 2022ರ ಕಾಯ್ದೆಯದ್ದು ಇದೆ. ಹೊಸೂರು ಎರಡರ ಗಡಿಯೊಳಗೂ ಬರಲ್ಲ. ಹೋಲಿಕೆ ಮಾಡೋವಾಗ ಯಾರಾದರೂ ಕೇಳೇ ಕೇಳ್ತಾರೆ: ಜೂಜುವಾಡಿಯಲ್ಲಿ ದಟ್ಟಣೆಯ ಒಂದು ಗಂಟೆಯಲ್ಲಿ ಒಂದೇ ದಿಕ್ಕಿಗೆ ಎಷ್ಟು ಜನ? ಅದಕ್ಕೇ ಎಣಿಕೆ_ಮೊದಲು ಅವರು ಹೇಳಿದ ಹೊರಗೆರೆ ಎಣಿಕೆ ಬೇಕು.

ಅಂತರ ಎಷ್ಟು ಮುಖ್ಯ ಅನ್ನೋದಕ್ಕೆ ಹಳದಿ ಮಾರ್ಗವೇ ಸಾಕ್ಷಿ. ಶುರುವಿನಲ್ಲಿ ಮೂರೇ ಗಾಡಿ, 25 ನಿಮಿಷಕ್ಕೊಂದು. ಆರು ಬೋಗಿಯಲ್ಲಿ 1,500 ಜನ ಅಂತ ಹಿಡಿದರೂ ಗಂಟೆಗೆ 2.4 ಗಾಡಿ, ಅಂದರೆ 3,600 ಜನ. 60 ಜನರ ಬಸ್ಸನ್ನ ನಿಮಿಷಕ್ಕೊಂದು ಬಿಟ್ಟರೂ ಅಷ್ಟೇ, 3,600. ಹೊಸ ಗಾಡಿಗಳು ಬಂದು ಅಂತರ ಇಳಿದ ಮೇಲೆ ಮೆಟ್ರೋ ಮುಂದೆ ಹೋಗತ್ತೆ, ಅದು ಸರಿ. ಕಂಬ ಕಟ್ಟಿದ ಮಾತ್ರಕ್ಕೆ ಸಾಮರ್ಥ್ಯ ಬರಲ್ಲ, ಗಾಡಿಗಳ ಸಂಖ್ಯೆಯಿಂದ ಬರತ್ತೆ.

ಈಗ ರೈಲು. ನಮ್ಮವರು ಮರೆಯೋದು ಇದನ್ನೇ. ಬಸ್ಸಿಗೆ ಗಡಿ ಇದೆ, ರೈಲಿಗಿಲ್ಲ. ಹೊಸೂರು ನಿಲ್ದಾಣ ತಮಿಳುನಾಡಿನಲ್ಲಿದ್ದರೂ ನೈಋತ್ಯ ರೈಲ್ವೆಯ ಬೆಂಗಳೂರು ವಿಭಾಗದ ಕೆಳಗೇ ಬರತ್ತೆ. ಮೆಮು (ಹತ್ತಿರದ ಊರುಗಳ ನಡುವೆ ಓಡೋ ವಿದ್ಯುತ್ ರೈಲು) ಓಡಿಸೋಕೆ ಎರಡು ಸರ್ಕಾರಗಳ ಪರ್ಮಿಟ್ಟು ಬೇಡ. ಬೈಯಪ್ಪನಹಳ್ಳಿ–ಹೊಸೂರು 48 ಕಿ.ಮೀ. ಜೋಡಿ ಹಳಿ ಕೆಲಸ ಕೆ–ರೈಡ್ (ಕರ್ನಾಟಕ ಸರ್ಕಾರ, ರೈಲ್ವೆಯ ಜಂಟಿ ಸಂಸ್ಥೆ) ಕೈಯಲ್ಲಿದೆ. ಒಂಟಿ ಹಳಿಯಲ್ಲಿ ಏನಾಗತ್ತೆ ಅಂದರೆ, ಎದುರಿನ ಎಕ್ಸ್‌ಪ್ರೆಸ್ ತಡವಾದರೆ ಮೆಮು ಆನೇಕಲ್ ರೋಡಿನಲ್ಲೋ ಹೀಲಲಿಗೆಯಲ್ಲೋ ಕಾದು ನಿಲ್ಲಬೇಕು. ದಿನಾ ಕೆಲಸಕ್ಕೆ ಹೋಗೋನು ಎರಡು ಸಲ ಹಾಗೆ ಸಿಕ್ಕಿಹಾಕಿಕೊಂಡರೆ ಮೂರನೇ ಸಲ ಬೈಕ್ ತೆಗೀತಾನೆ. ಜೋಡಿ ಹಳಿ ಆದ ಕೂಡಲೇ ಪಾಳಿ ಸಮಯಕ್ಕೆ ಹೊಂದೋ ಮೆಮು ಕೇಳಿ. ಬೆಂಗಳೂರು ಉಪನಗರ ರೈಲಿನ ಹೀಲಲಿಗೆ–ರಾಜಾನುಕುಂಟೆ ಮಾರ್ಗವೂ 1,676 ಮಿ.ಮೀ. ಬ್ರಾಡ್‌ಗೇಜೇ. ಹಾಗಾಗಿ ಅದನ್ನ ಹೊಸೂರಿಗೆ ಎಳೆಯೋಕೆ ಗೇಜಿನ ಅಡ್ಡಿ ಇಲ್ಲ.

ಗಡಿ ದಾಟೋ ಬಸ್ಸಿನ ದಾರಿಯೇ ಬೇರೆ. ಮೋಟಾರು ವಾಹನ ಕಾಯ್ದೆಯ 88ನೇ ಕಲಮಿನಡಿ ಎರಡು ರಾಜ್ಯಗಳು ಒಪ್ಪಂದ ಮಾಡಿಕೊಂಡು ಮಾರ್ಗ, ಟ್ರಿಪ್ಪು ನಿಗದಿ ಮಾಡ್ತವೆ. ಒಂದು ರಾಜ್ಯ ಕೊಟ್ಟ ಪರ್ಮಿಟ್ಟಿಗೆ ಇನ್ನೊಂದು ಮೇಲುಸಹಿ ಹಾಕಬೇಕು. ಹೊಸೂರಿನಿಂದ ಬೊಮ್ಮಸಂದ್ರ ಮೆಟ್ರೋ ನಿಲ್ದಾಣಕ್ಕೆ ಓಡೋ ಚಿಕ್ಕ ಫೀಡರ್ ಬಸ್ ಕೂಡ ಕಾನೂನಿನ ಕಣ್ಣಲ್ಲಿ ಅಂತರರಾಜ್ಯ ಮಾರ್ಗವೇ. ಪಾಲಿಕೆಗೆ ಇದು ಕೊಡೋಕೆ ಬರಲ್ಲ, ಸಾರಿಗೆ ಇಲಾಖೆಗೆ ಬೇರೆ ಪತ್ರ ಹಾಕಿ. ಉಚಿತ ಪ್ರಯಾಣವೂ ಗಡಿಯಲ್ಲಿ ತುಂಡಾಗತ್ತೆ: ತಮಿಳುನಾಡಿನದು 2021ರಿಂದ ಸಾಧಾರಣ ಟೌನ್ ಬಸ್ಸಲ್ಲಿ, ಕರ್ನಾಟಕದ ಶಕ್ತಿ 2023ರಿಂದ ಅಲ್ಲಿನ ನಿವಾಸಿ ಮಹಿಳೆಯರಿಗೆ. ಹೊಸೂರಿನ ಹೆಣ್ಣುಮಗಳು ಬೊಮ್ಮಸಂದ್ರಕ್ಕೆ ಕೆಲಸಕ್ಕೆ ಹೋದರೆ ಒಂದು ಕಡೆ ಬಿಟ್ಟಿ, ಇನ್ನೊಂದು ಕಡೆ ಪೂರ್ತಿ ಟಿಕೆಟ್ಟು. ಖರ್ಚಿನ ಲೆಕ್ಕ ಹಾಕೋವಾಗ ಇದನ್ನ ಬಿಡಬೇಡಿ. ಕಾರ್ಡು ಕೇಳೋದಾದರೆ ರುಪೇ ಆಧಾರದ ರಾಷ್ಟ್ರೀಯ ಸಾಮಾನ್ಯ ಸಂಚಾರ ಕಾರ್ಡನ್ನೇ ಕೇಳಿ. ಊರಿಗೊಂದು ಹೊಸ ಕಾರ್ಡು ಮಾಡಿಸಿದರೆ ಗಡಿಯಾಚೆ ಅದು ಬರೀ ಪ್ಲಾಸ್ಟಿಕ್.

---

ಬಾಗಲೂರು_ರಸ್ತೆ:

ತುಂಬಾ ಉಪಕಾರ. ರೈಲು ನಿಲ್ದಾಣ ಬಸ್ ನಿಲ್ದಾಣದ ಪಕ್ಕ ಇಲ್ಲವಲ್ಲ, ನಡುವೆ ಏನು ಮಾಡೋದು ಅಂತ ಇನ್ನೂ ಗೊಂದಲ. ಷೇರ್ ಆಟೋದವರ ಜತೆ ಜಗಳ ಮಾಡಿಕೊಳ್ಳೋಕೂ ನಮಗೆ ಇಷ್ಟ ಇಲ್ಲ.

---

ಕೂಡುತಾಣ:

ಜಗಳ ಬೇಡವೇ ಬೇಡ. ಆಟೋದವರನ್ನ ಹೊರಗಿಟ್ಟು ಮಾಡಿದ ಯೋಜನೆ ಒಂದು ವಾರವೂ ನಿಲ್ಲೋದಿಲ್ಲ.

ರೈಲು ಮತ್ತು ಬಸ್ ಹೊಂದಿಸೋದಕ್ಕೆ ಒಂದು ಅಂದಾಜು ನಿಯಮ: ಹದಿನೈದು ನಿಮಿಷಕ್ಕಿಂತ ಬೇಗ ಬೇಗ ಬರೋ ಸೇವೆಗೆ ವೇಳಾಪಟ್ಟಿ ಹೊಂದಿಸೋ ಅಗತ್ಯವಿಲ್ಲ, ಒಂದು ತಪ್ಪಿದರೆ ಇನ್ನೊಂದು. ಮೆಮು ಹಾಗಲ್ಲ. ಅದು ತಪ್ಪಿದರೆ ಗಂಟೆಗಟ್ಟಲೆ ಹೋಯ್ತು. ಆದ್ದರಿಂದ ಅಲ್ಲಿ ಬಸ್ಸು ರೈಲಿನ ವೇಳೆಗೆ ಕಟ್ಟುಬೀಳಬೇಕು. ರೈಲು ಹೊರಡೋ ಹತ್ತು ನಿಮಿಷ ಮುಂಚೆ ಬಸ್ ಬಂದು ಸೇರಬೇಕು, ರೈಲು ಬಂದು ಏಳೆಂಟು ನಿಮಿಷಕ್ಕೆ ಹೊರಡಬೇಕು. ರೈಲು ತಡವಾದರೆ ಎಷ್ಟು ಹೊತ್ತು ಕಾಯೋದು ಅಂತ ಮೊದಲೇ ಬರೆದಿಡಿ, ಹತ್ತು ನಿಮಿಷ ಸಾಕು. ಕೊನೇ ರೈಲಿಗೆ ಮಾತ್ರ ಎಷ್ಟೇ ತಡವಾದರೂ ಕಾಯಬೇಕು. ಇದನ್ನ ನಿರ್ವಾಹಕರ ವಿವೇಚನೆಗೆ ಬಿಟ್ಟರೆ ಒಂದು ದಿನ ಕಾಯ್ತಾರೆ, ಒಂದು ದಿನ ಇಲ್ಲ. ಆ ಅನುಮಾನವೇ ಜನರನ್ನ ಓಡಿಸತ್ತೆ.

12 ಮೀಟರ್ ಬಸ್ಸು ತಿರುಗೋಕೆ ಹೊರಸುತ್ತಿನ ತ್ರಿಜ್ಯ 12–13 ಮೀಟರ್ ಬೇಕು, ಅಂದರೆ ಸುಮಾರು 25 ಮೀಟರ್ ತೆರವಾದ ಜಾಗ. ನಿಲ್ದಾಣದ ಅಂಗಳದಲ್ಲಿ ಬೈಕ್ ಪಾರ್ಕಿಂಗ್ ಅದನ್ನ ತಿಂದಿದ್ದರೆ ಬಸ್ಸು ಒಳಗೆ ಬರೋದೇ ಇಲ್ಲ, ಹೊರಗಿನ ರಸ್ತೆಯಲ್ಲೇ ನಿಲ್ಲತ್ತೆ. ಟೇಪ್ ಹಿಡಿದು ಅಳೆದು ನಕ್ಷೆ ಲಗತ್ತಿಸಿ. ಜಾಗ ಸಾಲದಿದ್ದರೆ 9 ಮೀಟರ್ ಮಿಡಿ ಬಸ್ ಕೇಳಿ.

ಷೇರ್ ಆಟೋ ಬಗ್ಗೆ: ನಿಲ್ದಾಣದಿಂದ ಹೊರಬಂದವನ ಕಣ್ಣಿಗೆ ಬೀಳೋ ಜಾಗದಲ್ಲಿ ಐದು ಆಟೋ ಮಾತ್ರ ನಿಲ್ಲಲಿ. ಒಂದಕ್ಕೆ ಮೂರೂವರೆ ಮೀಟರ್ ಹಿಡಿದರೆ ಹದಿನೆಂಟು ಮೀಟರ್ ಸಾಕು. ಉಳಿದವು ಪಕ್ಕದ ಬೀದಿಯಲ್ಲಿ ಸರದಿಗೆ ಕಾಯಲಿ, ಒಂದು ಹೊರಟರೆ ಒಂದು ಬರಲಿ. ಎಲ್ಲವನ್ನೂ ಮುಂದೆಯೇ ನಿಲ್ಲಿಸಿಕೊಟ್ಟರೆ ಐವತ್ತು ಮೀಟರ್ ರಸ್ತೆ ಹೋಯ್ತು. ಅಷ್ಟನ್ನೂ ಕಣ್ಣಿಗೆ ಬೀಳದ ಹಿಂಬದಿಗೆ ತಳ್ಳಿದರೆ ಚಾಲಕರು ಜಂಕ್ಷನ್ ಮಧ್ಯಕ್ಕೇ ಬಂದು ಕೂಗ್ತಾರೆ. ಎರಡೂ ಕಡೆ ಎಡವಿದ ಊರು ಬೇಕಾದಷ್ಟಿವೆ. ಬಸ್ಸು ಹೋಗದ ಬಡಾವಣೆಗಳಿಗೆ ತಮಿಳುನಾಡಿನ ಹೊಸ ಮಿನಿ ಬಸ್ ಯೋಜನೆ ನೋಡಿ: ಮಾರ್ಗ 25 ಕಿ.ಮೀ. ಒಳಗಿರಬೇಕು, ಅದರಲ್ಲಿ ಕನಿಷ್ಠ ಶೇ. 65 ಈಗ ಬಸ್ಸಿಲ್ಲದ ದಾರಿ ಆಗಿರಬೇಕು. ನಿಮ್ಮ ಮಾರ್ಗ ಸೂಚಿಸೋವಾಗ ಆ ಶೇಕಡಾ ನೀವೇ ಲೆಕ್ಕ ಹಾಕಿಕೊಟ್ಟರೆ ಆರ್‌ಟಿಒ ಕಚೇರಿಯಲ್ಲಿ ಫೈಲು ಬೇಗ ಸರಿಯತ್ತೆ.

ಬಸ್ ತಂಗುದಾಣ ಜಂಕ್ಷನ್ನಿಗೆ ಮುಂಚೆ ಬೇಡ, ದಾಟಿದ ಮೇಲೆ ಇರಲಿ. ಮುಂಚೆ ಇದ್ದರೆ ಜನ ಇಳಿಯೋವಾಗ ಹಸಿರು ದೀಪ ವ್ಯರ್ಥ ಆಗತ್ತೆ, ಎಡಕ್ಕೆ ತಿರುಗೋರೆಲ್ಲ ಬಸ್ಸಿನ ಹಿಂದೆ ಸಿಕ್ಕಿಕೊಳ್ತಾರೆ. 'ಬಸ್ ಬೇ' (ರಸ್ತೆಬದಿಯಲ್ಲಿ ಬಸ್ ಒಳಹೋಗಿ ನಿಲ್ಲೋ ಜಾಗ) ಕೊರೆದುಕೊಡಿ ಅಂತ ಎಲ್ಲೆಡೆ ಕೇಳೋದೂ ಬೇಡ. ಪೇಟೆ ರಸ್ತೆಯಲ್ಲಿ ಒಳಗೆ ಹೋದ ಬಸ್ಸಿಗೆ ಹೊರಬರೋಕೆ ಯಾರೂ ದಾರಿ ಬಿಡಲ್ಲ, ಆಮೇಲೆ ಚಾಲಕ ಒಳಗೇ ಹೋಗಲ್ಲ, ಆ ಜಾಗಕ್ಕೆ ಎಳನೀರು ಗಾಡಿ ಬರತ್ತೆ. ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ ಮಾತ್ರ ಬೇ ಬೇಕು, ಅದೂ ಒಂದು ಬಸ್ಸಿಗೆ 15 ಮೀಟರ್ ನೇರ ಜಾಗ, ಒಳಹೋಗೋ ಓರೆ 1:6ಕ್ಕಿಂತ (ಒಂದು ಮೀಟರ್ ಒಳಸರಿಯೋಕೆ ಆರು ಮೀಟರ್ ಉದ್ದ) ಚೂಪಾಗಿರಬಾರದು.

ನಡೆಯೋರನ್ನ ಇಲ್ಲಿಯವರೆಗೆ ಯಾರೂ ಎತ್ತಲಿಲ್ಲ. ಪ್ರತಿ ಬಸ್ ಪ್ರಯಾಣಿಕ ಎರಡು ತುದಿಯಲ್ಲೂ ಪಾದಚಾರಿಯೇ. ಫುಟ್‌ಪಾತಿನಲ್ಲಿ ಅಡೆತಡೆ ಇಲ್ಲದ ಅಗಲ ಕನಿಷ್ಠ 1.8 ಮೀಟರ್ ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಹಿತೆ ಹೇಳತ್ತೆ. ಟ್ರಾನ್ಸ್‌ಫಾರ್ಮರ್, ಬೋರ್ಡು, ಮರದ ಕಟ್ಟೆ ಕಳೆದು ಉಳಿದ ಅಗಲ ಅಳೆಯಿರಿ. ನಿಲ್ದಾಣದ ಸುತ್ತ 400–500 ಮೀಟರ್ ದೂರದವರೆಗೆ ಅಳೆದರೆ ಸಾಕು, ಊರೆಲ್ಲ ಬೇಡ. ರಸ್ತೆ ದಾಟೋ ಸಮಯ: ಸೆಕೆಂಡಿಗೆ 1.2 ಮೀಟರ್ ನಡಿಗೆ, 14 ಮೀಟರ್ ರಸ್ತೆಗೆ 12 ಸೆಕೆಂಡ್, ಹೆಜ್ಜೆ ಇಡೋಕೆ ಮುಂಚಿನ ಏಳು ಸೆಕೆಂಡ್ ಸೇರಿ 19. ಹೆದ್ದಾರಿಯ ಮೇಲೆ ಮೆಟ್ಟಿಲಿನ ಮೇಲ್ಸೇತುವೆ ಕಟ್ಟಿಸಿ ಅಂತ ಮಾತ್ರ ಕೇಳಬೇಡಿ. ಪಾಳಿ ಮುಗಿಸಿ ದಣಿದವರು ಆರು ಮೀಟರ್ ಹತ್ತಿ ಇಳಿಯಲ್ಲ, ಡಿವೈಡರ್ ಹಾರ್ತಾರೆ. ಹೆದ್ದಾರಿ ಎತ್ತರದಲ್ಲಿರೋ ಕಡೆ ಕೆಳಗಿನಿಂದ ಸಮತಟ್ಟು ದಾರಿ, ಇಲ್ಲದ ಕಡೆ ಲಿಫ್ಟು ಸಹಿತ ಸೇತುವೆ. ಇದನ್ನ ಹೆದ್ದಾರಿ ಪ್ರಾಧಿಕಾರಕ್ಕೆ ಬರೀಬೇಕು.

ಬೋರ್ಡು: ಇಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಓದೋರಿದಾರೆ, ಕಾರ್ಖಾನೆಗೆ ಬಂದ ಒಡಿಶಾ, ಬಿಹಾರದವರು ಮೂರನ್ನೂ ಓದಲ್ಲ. ದೊಡ್ಡ ಅಂಕಿಯಲ್ಲಿ ಮಾರ್ಗ ಸಂಖ್ಯೆ, ಮಾರ್ಗಕ್ಕೊಂದು ಬಣ್ಣ. ಭಾಷೆಯ ಜಗಳವಿಲ್ಲದೆ ಆಗೋ ಕೆಲಸ.

---

ಬಾಗಲೂರು_ರಸ್ತೆ:

ಮುಂದಿನ ಬುಧವಾರ ಎಣಿಕೆ ಇಟ್ಟುಕೊಳ್ತೀವಿ. ಹದಿನಾಲ್ಕು ಹುಡುಗರಿದಾರೆ. ಏಳು ಜಾಗ, ಜಾಗಕ್ಕಿಬ್ಬರು ಸಾಕಾ?

---

ಎಣಿಕೆ_ಮೊದಲು:

ಹದಿನೇಳು ಗಂಟೆಗೆ ಸಾಲದು. ಒಂದು ದಿಕ್ಕಿಗೆ ಇಬ್ಬರು: ಒಬ್ಬರು ಬೈಕು, ಕಾರು, ಆಟೋ, ಇನ್ನೊಬ್ಬರು ಬಸ್ಸು, ಕಂಪನಿ ಬಸ್ಸು, ಲಾರಿ, ನಡೆಯೋರು. ಎರಡು ದಿಕ್ಕಿಗೆ ನಾಲ್ಕು. ಆರು ಗಂಟೆಗೊಮ್ಮೆ ತಂಡ ಬದಲಾಗಬೇಕು, ಇಲ್ಲದಿದ್ದರೆ ದಣಿವಿಗೆ ಅಂಕಿ ಜಾರತ್ತೆ. ಜನ ಇಷ್ಟೇ ಇದ್ದರೆ ಈ ಬುಧವಾರ ಜೂಜುವಾಡಿ ಒಂದೇ ಮಾಡಿ, ಮೂರು ಪಾಳಿಗೆ ನಾಲ್ವರಂತೆ ಹನ್ನೆರಡು ಜನ, ಇಬ್ಬರು ಊಟ ಕಾಫಿಗೆ ಬಿಡುವು ಕೊಡೋಕೆ. ರೈಲು ಹಳಿ ಗೆರೆಗೆ ಕಾಲೇಜು ಹುಡುಗರನ್ನ ಸೇರಿಸಿಕೊಂಡು ಇನ್ನೊಂದು ದಿನ ಇಡಿ, ಅದರ ಎಲ್ಲ ದಾಟುಗಳಲ್ಲೂ ಮಾತ್ರ ಅದೇ ದಿನ ಎಣಿಸಬೇಕು.

ಬೈಕು ನಿಮಿಷಕ್ಕೆ ಮೂವತ್ತು ದಾಟಿದರೆ ಗೀಟು ಹಾಕೋಕೆ ಕೈ ಓಡಲ್ಲ, ಆ ಕಾಲಂಗೆ ಕೈಯಲ್ಲಿ ಒತ್ತೋ ಕೌಂಟರ್ ತನ್ನಿ. ಎಲ್ಲರ ಫೋನಿನ ಗಡಿಯಾರ ಹಿಂದಿನ ರಾತ್ರಿ ಹೊಂದಿಸಿ. ಹಾಳೆಯ ತಲೆಯಲ್ಲಿ ದಿಕ್ಕನ್ನ 'ಎಡ, ಬಲ' ಅಂತ ಬರೀಬೇಡಿ, 'ಅತ್ತಿಬೆಲೆ ಕಡೆಗೆ', 'ಬಸ್ ನಿಲ್ದಾಣದ ಕಡೆಗೆ' ಅಂತ ಬರೀರಿ. ತಂಡ ಬದಲಾದಾಗ ರಸ್ತೆಯ ಆ ಬದಿಗೆ ಹೋಗಿ ನಿಂತವನಿಗೆ ಎಡ ಬಲ ತಿರುಗಿಬಿಡತ್ತೆ. ಪೊಲೀಸ್ ಠಾಣೆಗೆ ಮೊದಲೇ ಒಂದು ಕಾಗದ ಕೊಟ್ಟು ಸೀಲು ಹಾಕಿಸಿಕೊಂಡ ಪ್ರತಿ ಜೇಬಿನಲ್ಲಿರಲಿ, ರಾತ್ರಿ ಹತ್ತಕ್ಕೆ ಗಡಿಯಲ್ಲಿ ನಿಂತು ಗಾಡಿ ಬರೆದುಕೊಳ್ಳೋರನ್ನ ಕೇಳದೆ ಬಿಡಲ್ಲ.